ಈ ವಾರದ ಸಮಸ್ಯೆ: ಕಣ್ಣಿಲ್ಲದ ಸಾಕ್ಷಿಯೊಂದೆ ದಿಟವಾಯ್ತಂತೇ

ಎಲ್ರಿಗೂ ನಮಸ್ಕಾರ. ಈ ಸಲ ಕಂದಪದ್ಯ. ನಾಲ್ಕನೇ ಪಾದ ಕೊಟ್ಟಿದೀನಿ, ಅದೇ ಸಮಸ್ಯೆ; ಮೇಲಿನ ಮೂರು ಬರೆದು ಅರ್ಥ ಕೂಡೋ ಹಾಗೆ ಮಾಡೋ ಪೂರಣ ನಿಮ್ಮದು:

ಕಣ್ಣಿಲ್ಲದ ಸಾಕ್ಷಿಯೊಂದೆ ದಿಟವಾಯ್ತಂತೇ

ಇದು ಹೊಳೆದಿದ್ದು ಹೇಗೆ ಅಂದ್ರೆ, ಮೊನ್ನೆ ಪಕ್ಕದ್ಮನೆ ಹುಡುಗ ಒಡೆದ ಕಿಟಕಿ ಮುಂದೆ ನಿಂತ್ಕೊಂಡು "ನಾನಲ್ಲ, ದೇವ್ರಾಣೆ, ಅಮ್ಮನಾಣೆ, ವಿದ್ಯೆ ಆಣೆ, ಕಣ್ಣಾಣೆ" ಅಂತ ಒಂದೇ ಉಸಿರಲ್ಲಿ ನಾಲ್ಕು ಆಣೆ ಹಾಕ್ದ, ಕೊನೇದು ಹಾಕೋವಾಗ ಎರಡು ಬೆರಳಲ್ಲಿ ಎರಡೂ ರೆಪ್ಪೆ ಮುಟ್ಕೊಂಡ. ಅವನ ಆ ಬೆರಳು ನೋಡಿ ನನಗೆ ಯೋಚನೆ ಹತ್ಕೊಳ್ತು. ನಿಜ ಅಂತ ಒಪ್ಪಿಸೋಕೆ ನಾವು ಬಳಸೋ ಮಾತುಗಳಲ್ಲಿ ಎಷ್ಟೊಂದು ಕಡೆ ಕಣ್ಣೇ ಕೂತಿದೆ ನೋಡಿ, ಸಾಕ್ಷಿ ಅನ್ನೋದ್ರೊಳಗೆ ಅಕ್ಷಿ, ಪ್ರತ್ಯಕ್ಷದೊಳಗೂ ಅದೇ, ಕಣ್ಣಾರೆ ಕಂಡೆ ಅನ್ನೋದಂತೂ ಸರಿಯೇ ಸರಿ. ಆಣೆ ಮಾತ್ರ ಬೇರೆ ಕುಲದ್ದು, ಆಜ್ಞೆಯ ತದ್ಭವ ಅದು, ಆಣತಿಯ ನೆಂಟ. ಅದನ್ನೂ ನಾವು ತಂದು ಕಣ್ಣ ಮೇಲೇ ಇಟ್ವಿ. ಆಣೆ ಅಂದ್ರೆ ಅಡವು ಇಟ್ಟ ಹಾಗೆ, ಮಾತು ಸುಳ್ಳಾದ್ರೆ ಇದು ಹೋಗ್ಲಿ ಅಂತ, ಹೋದ್ರೆ ತಡ್ಕೊಳ್ಳೋಕೆ ಆಗದೇ ಇರೋದನ್ನೇ ಹುಡುಕಿ ಇಡ್ತೀವಿ. ಹಾಗಿರೋವಾಗ ಕಣ್ಣೇ ಇಲ್ಲದ್ದು ಸಾಕ್ಷಿ ಹೇಳಿ, ಅದೊಂದೇ ನಿಜ ಆಗೋದು ಹೇಗೆ? ಅದನ್ನ ನೀವು ಬಿಡಿಸ್ಬೇಕು.

ಹೊಸಬ್ರಿಗೆ ಒಂದು ಮಾತು: ಒಂದು, ಮೂರನೇ ಸಾಲಲ್ಲಿ 12 ಮಾತ್ರೆ, ಎರಡು, ನಾಲ್ಕರಲ್ಲಿ 20, ನಾಲ್ಕು ಮಾತ್ರೆಗೆ ಒಂದು ಗಣ. ಆದಿಪ್ರಾಸ, ಅಂದ್ರೆ ಪ್ರತಿ ಸಾಲಿನ ಎರಡನೇ ಅಕ್ಷರ, ಣ್ಣ, ಅದರ ಹಿಂದಿನ ಸ್ವರ ಹ್ರಸ್ವವೇ ಇರ್ಲಿ. ಎರಡೆರಡು ಸಾಲು ಸೇರಿ ಒಂದು ಅರ್ಧ; ಅರ್ಧದ ಆರನೇ ಗಣ ಜಗಣ (ಲಘು ಗುರು ಲಘು) ಅಥವಾ ನಾಲ್ಕೂ ಲಘು, ಬೆಸ ಗಣಗಳಲ್ಲಿ ಮಾತ್ರ ಜಗಣ ಬರಬಾರದು. ಕೊಟ್ಟ ಸಾಲಲ್ಲಿ "ಕ್ಷಿಯೊಂದೆ" ಇದೆಯಲ್ಲ, ಅದೇ ಆರನೇದು.

ಶಿವಮೊಗ್ಗದಿಂದ:

ನಂಗೆ ಸಾಲು ಓದಿದ ತಕ್ಷಣ ಕಲ್ಲೇ ನೆನಪಾಯ್ತು. ಹಳೇ ದೇವಸ್ಥಾನಗಳಿಗೆ ಹೋದ್ರೆ ಗೋಡೆ ತುಂಬ ಸುಣ್ಣ ಬಳಿದಿರ್ತಾರೆ, ಒಂದ್ಸಲ ನಮ್ಮ ಮೇಷ್ಟ್ರು ಉಗುರಲ್ಲಿ ಮೆಲ್ಲಗೆ ಕೆರೆದು ತೋರಿಸಿದ್ರು, ಪದರ ಪದರವಾಗಿ ಬಿಳಿ ಎದ್ದು ಒಳಗಿಂದ "ಸ್ವಸ್ತಿ ಶ್ರೀ" ಕಾಣಿಸ್ತು, ಮೈ ಜುಂ ಅಂತು. ದಾನ ಕೊಟ್ಟಿದ್ದು ನಿಜ ಅಂತ ಹೇಳೋಕೆ ಆಗಿನವ್ರು ಎಷ್ಟು ಕಷ್ಟಪಟ್ಟಿದಾರೆ ನೋಡಿ, ಕಲ್ಲಿನ ನೆತ್ತಿ ಮೇಲೆ ಸೂರ್ಯ ಚಂದ್ರರನ್ನ ಕೆತ್ತಿ ಆಚಂದ್ರಾರ್ಕ, ಅಂದ್ರೆ ಸೂರ್ಯ ಚಂದ್ರ ಇರೋವರೆಗೂ, ಅಂತ ಬರೆದು, ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸುವನ್ನ ಕೊಂದ ಪಾಪ ಅಂತ ಶಾಪಾನೂ ಸೇರಿಸಿ. ವಿಜಯನಗರದ ತಾಮ್ರಪಟಗಳ ಕೊನೇಲಿ ಕನ್ನಡ ಅಕ್ಷರದಲ್ಲಿ "ಶ್ರೀ ವಿರೂಪಾಕ್ಷ" ಅಂತ ಒಪ್ಪ, ಅಂದ್ರೆ ರುಜು, ಇರತ್ತಲ್ಲ, ಅಲ್ಲೂ ಅಕ್ಷಿಯೇ. ಗಂಗರ ದೊರೆಗಳು ಸತ್ಯವಾಕ್ಯ ಅಂತ ಬಿರುದೇ ಇಟ್ಕೊಂಡಿದ್ರು, ನೊಳಂಬರಲ್ಲಿ ಒಬ್ಬ ನನ್ನಿನೊಳಂಬ. ಈ ನನ್ನಿ ಅನ್ನೋ ಪದ ಸತ್ಯಕ್ಕೆ ನಮ್ಮದೇ ಅಚ್ಚಗನ್ನಡ, ಈಗ ಯಾರೂ ಆಡಲ್ಲ, ನನಗೆ ತುಂಬ ಸಂಕಟ ಆಗತ್ತೆ.

ಮಣ್ಣಿಗೆ ಜಗಳಂ ಬಿದ್ದಿರೆ
ಬಣ್ಣಿಸಿ ಹುಸಿನುಡಿದರೆಲ್ಲ ಸಾಕ್ಷಿಗಳೂರೊಳ್
ಸುಣ್ಣದೊಳಡಗಿದ ಶಾಸನ
ಕಣ್ಣಿಲ್ಲದ ಸಾಕ್ಷಿಯೊಂದೆ ದಿಟವಾಯ್ತಂತೇ

ಧಾರವಾಡದಿಂದ:

ಭಾಳ ಛಲೋ ಆತ್ರಿ ಸುಣ್ಣದ್ದು. ನಮ್ಮ ಕಡೆ ಮಂದಿ ದಿಟ ಅನ್ನಂಗಿಲ್ಲ, "ಖರೇನ ಹೇಳಾಕತ್ತೀನಿ, ನಿನ್ನಾಣಿ" ಅಂತಾರ. ನಾ ಪ್ರಮಾಣ ಅನ್ನೋ ಪದದ ಬೆನ್ನ ಹತ್ತಿದೆ. ಅದರ ಮೂಲ ಅಳತಿ, ಅದೇ ಪುರಾವೆ ಆತು, ಅದೇ ದೇವರ ಮುಂದ ಮಾಡೋ ಆಣಿನೂ ಆತು, ಒಂದ ಪದದಾಗ ಮೂರೂ ಕುಂತಾವು. ಯಾಜ್ಞವಲ್ಕ್ಯ ಸ್ಮೃತಿಯೊಳಗ ತುಲಾ, ಅಗ್ನಿ, ಜಲ, ವಿಷ, ಕೋಶ ಅಂತ ಐದು ದಿವ್ಯ, ಅಂದ್ರ ಖರೆ ಸುಳ್ಳು ತಿಳಿಯಾಕ ಮಾಡೋ ಪರೀಕ್ಷಾ, ಹೇಳ್ಯಾರ, ಅದಕ್ಕ ಮಿತಾಕ್ಷರಾ ಟೀಕಾ ಬರದದ್ದು ನಮ್ಮ ಕಲ್ಯಾಣದಾಗ, ಚಾಲುಕ್ಯ ವಿಕ್ರಮಾದಿತ್ಯನ ಆಳಿಕಿಯೊಳಗ ವಿಜ್ಞಾನೇಶ್ವರ. ತುಲಾ ದಿವ್ಯದಾಗ ಮನಷ್ಯಾನ್ನ ತಕ್ಕಡಿಗೆ ಹಾಕಿ ತೂಗತಿದ್ರು, ಮ್ಯಾಲ ಎದ್ದರ ನಿರ್ದೋಷಿ, ಕೆಳಗ ಕುಸಿದರ ತಪ್ಪಸ್ಥ. ಮಾತಿನ ತೂಕ ಮೈಯಾಗ ಕಾಣಸ್ತೈತಿ ಅಂತ ಅವರು ನಂಬಿದ್ರು. ನಾ ಅಷ್ಟ ಮ್ಯಾಲ ಹೋಗಿಲ್ರಿ, ಸಂತಿಗೆ ಬಂದೀನಿ.

ಬೆಣ್ಣೆಯ ತೂಕಕೆ ಮುದುಕಿಯು
ಕಣ್ಣಾಣೆಯನಿಟ್ಟು ಕೂಗೆ ಸಂತೆಯ ನಡುವೇ
ತಣ್ಣಗೆ ನುಡಿದುದು ತಕ್ಕಡಿ
ಕಣ್ಣಿಲ್ಲದ ಸಾಕ್ಷಿಯೊಂದೆ ದಿಟವಾಯ್ತಂತೇ

ನಾನು (ಸಮಸ್ಯೆ ಕೊಟ್ಟವನು):

"ತಣ್ಣಗೆ ನುಡಿದುದು" ಬಹಳ ಹಿಡಿಸ್ತು ಸರ್, ಎಲ್ರೂ ಕೂಗಾಡೋವಾಗ ಅದೊಂದೇ ತಣ್ಣಗೆ. ಆದ್ರೆ ಒಂದು ಅನುಮಾನ, ತಕ್ಕಡಿ ಮುದುಕಿ ಕಡೆಗೆ ಹೇಳ್ತಾ, ಎದುರಿಗೆ ಹೇಳ್ತಾ? "ಒಂದೆ" ಅಂತಿರೋದ್ರಿಂದ ಮುದುಕಿ ಸುಳ್ಳಾದಳು ಅಂತ ಓದ್ಕೋಬೇಕಾಗತ್ತೆ.

ಧಾರವಾಡದಿಂದ:

ಹಂಗ ಓದಬ್ಯಾಡ್ರಿ. ಬೆಣ್ಣಿ ಕೊಳ್ಳಾಕ ಬಂದಾವ ಕಡಿಮಿ ಐತಿ ಅಂತ ವಾದಾ ಮಾಡ್ಯಾನ, ಮುದುಕಿ ಪಾಪ ಕಣ್ಣಾಣಿ ಇಟ್ಟಾಳ, ಆದರೂ ಮಂದಿ ನಂಬಿಲ್ಲ, ಮುಳ್ಳು ನಡಕ ನಿಂತ ಮ್ಯಾಲ ನಂಬ್ಯಾರ. ಆಕಿ ಆಣಿ ಸುಳ್ಳಲ್ರಿ, ನಡೀಲಿಲ್ಲ ಅಷ್ಟ. ನಮ್ಮವ್ವ ಬೆಣ್ಣಿ ಮಾರಿ ನಮ್ಮನ್ನ ಓದಿಸ್ಯಾಳ, ಆಕೀನ್ನ ನಾ ಸುಳ್ಳಿ ಮಾಡಂಗಿಲ್ಲ.

ಮಂಡ್ಯದಿಂದ:

ನಾನು ಕೋರ್ಟ್ ಹತ್ರ ಟೈಪಿಂಗ್ ಮಾಡೋನು, ದಿನಾ ಇದೇ ಪದಗಳ ಮಧ್ಯೆ ಇರ್ತೀನಿ. ದೇವರ ಹೆಸರಲ್ಲಿ ಪ್ರಮಾಣ ಮಾಡ್ಬೋದು, ಇಲ್ಲಾಂದ್ರೆ ದೇವರ ಹೆಸರಿಲ್ದೆ ಸತ್ಯನಿಷ್ಠೆಯಿಂದ ದೃಢೀಕರಿಸ್ಬೋದು, 1969ರ ಪ್ರಮಾಣ ಕಾಯ್ದೆಲಿ ಎರಡಕ್ಕೂ ಒಂದೇ ಬೆಲೆ. 12 ವರ್ಷದೊಳಗಿನ ಮಗುಗೆ ಸತ್ಯ ಹೇಳ್ಬೇಕು ಅನ್ನೋದು ಗೊತ್ತಿದ್ದು, ಪ್ರಮಾಣ ಅಂದ್ರೇನು ಅಂತ ತಿಳೀದೇ ಇದ್ರೆ, ಪ್ರಮಾಣ ಮಾಡಿಸ್ದೇನೇ ಸಾಕ್ಷಿ ತಗೋಬೋದು, ಇದು ನಂಗೆ ಯಾವಾಗ್ಲೂ ಬಹಳ ದೊಡ್ಡ ಮಾತು ಅನ್ಸುತ್ತೆ. ಆದ್ರೆ ಪೂರಣಕ್ಕೆ ನಾನು ಆರಿಸ್ಕೊಂಡಿದ್ದು ಹೆಬ್ಬೆಟ್ಟು. ಹಳೇ ಪತ್ರಗಳಲ್ಲಿ ಬಿಕ್ಕಲಂ, ಅಂದ್ರೆ ಪತ್ರ ಬರೆದವನ ರುಜು, ಇರುತ್ತೆ, ಸಾಕ್ಷಿಗಳ ರುಜು ಇರುತ್ತೆ, ನಡುವೆ ಒಂದು ನೀಲಿ ಹೆಬ್ಬೆಟ್ಟಿನ ನಿಶಾನಿ, ಅದ್ರ ಸುತ್ತ ಯಾರೋ ಸಣ್ಣಕ್ಷರದಲ್ಲಿ ಹೆಸರು ಬರೆದಿರ್ತಾರೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಅನ್ನೋ ಅಧಿಕಾರಿ ಕರಾರು ಪತ್ರದ ಮೇಲೆ ಗುತ್ತಿಗೆದಾರನ ಅಂಗೈ ಗುರುತು ಒತ್ತಿಸ್ಕೊಂಡಿದ್ದ, 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಬ್ಯೂರೋನೇ ಶುರುವಾಯ್ತು. ಓದು ಬರದವನ ಬೆರಳು ಓದು ಬಂದವರ ರುಜುಗಿಂತ ಗಟ್ಟಿ ನಿಂತಿದ್ದನ್ನ ನಾನೇ ನೋಡಿದೀನಿ.

ಮಣ್ಣಾಗಿಹ ಹೆಬ್ಬೆರಳಂ
ಬಣ್ಣದ ಶಾಯಿಯೊಳಗದ್ದಿ ಕಾಗದಕೊತ್ತಲ್
ಹುಣ್ಣಿನ ಕಲೆಯಿಂ ಕೋರ್ಟೊಳ್
ಕಣ್ಣಿಲ್ಲದ ಸಾಕ್ಷಿಯೊಂದೆ ದಿಟವಾಯ್ತಂತೇ

ನಾನು:

ಕೋರ್ಟ್ ಅನ್ನೋದು ಕಂದದೊಳಗೆ ಇಷ್ಟು ಹಾಯಾಗಿ ಕೂರತ್ತೆ ಅಂತ ಗೊತ್ತಿರ್ಲಿಲ್ಲ. ಮಾತ್ರೆ ಎಲ್ಲ ಸರಿ ಇದೆ.

ತೀರ್ಥಹಳ್ಳಿ ಕಡೆಯಿಂದ:

ನಂದು ತಡ ಆಯ್ತು, ಮೊದಲ ಸಲ ಬರೀತಿರೋದು. ಕಲ್ಪನೆ ಅಲ್ಲ, ನಮ್ಮನೇಲಿ ನಡೆದಿದ್ದು. ನಮ್ಮಪ್ಪನ ಅಣ್ಣ ಹದಿನೇಳನೇ ವಯಸ್ಸಿಗೆ ಮನೆ ಬಿಟ್ಟು ಬೊಂಬಾಯಿಗೆ ಹೋಟ್ಲು ಕೆಲಸಕ್ಕೆ ಹೋದವರು ಇಪ್ಪತ್ತೆರಡು ವರ್ಷ ಸುದ್ದಿ ಇಲ್ಲ, ಒಂದಿನ ಮಧ್ಯಾಹ್ನ ಗಡ್ಡ ಬಿಟ್ಕೊಂಡು ಬಂದು ಅಂಗಳದಲ್ಲಿ ನಿಂತ್ರಂತೆ. ಜಗಲೀಲಿದ್ದ ನಾಲ್ಕು ಜನಾನೂ ಇವನಲ್ಲ ಅಂದ್ರು, ಅವನು ಬೆಳ್ಳಗಿದ್ದ, ಇವನು ಯಾರೋ ಅಂತ. ದೊಡ್ಡಪ್ಪ ತಾಯಾಣೆ ಅಂದ್ರಂತೆ, ತಾಯಿ ಎದುರಿಗೇ ಕೂತಿದ್ಲು, ಎರಡೂ ಕಣ್ಣಿಗೆ ಪೊರೆ ಬಂದು ಏನೂ ಕಾಣ್ತಿರ್ಲಿಲ್ಲ. ಅಜ್ಜಿ ಆಣೆ ಗೀಣೆ ಏನೂ ಬೇಡ ಬಾ ಇಲ್ಲಿ ಅಂತ ಕರೆದು ಭುಜ ಕುತ್ತಿಗೆ ಎಲ್ಲ ಸವರ್ಕೊಂಡು ಎಡಗಿವಿ ಹಿಂದೆ ಬೆರಳಿಟ್ಲು, ಚಿಕ್ಕೋನಿದ್ದಾಗ ಹಲಸಿನ ಮರದಿಂದ ಬಿದ್ದು ಆಗಿದ್ದ ಗಂಟು ಅಲ್ಲೇ ಇತ್ತು. "ಊಟ ಆಯ್ತನಾ" ಅಂದ್ಲಂತೆ, ಅಷ್ಟೇ.

ಬಣ್ಣಂ ಮಾಸಿದವಂ ಬರ-
ಲಣ್ಣಂ ತಾನಲ್ಲವೆಂದು ಕಂಡವರುಲಿದರ್
ಹಣ್ಣಜ್ಜಿಯೆ ಮೈದಡವಲ್
ಕಣ್ಣಿಲ್ಲದ ಸಾಕ್ಷಿಯೊಂದೆ ದಿಟವಾಯ್ತಂತೇ

ಮೊದಲು ಎರಡನೇ ಸಾಲಿಗೆ "ಅಣ್ಣನಿವನಲ್ಲ" ಅಂತ ಬರೆದಿದ್ದೆ, ಐದನೇ ಗಣ "ವನಲ್ಲ" ಜಗಣ ಆಗಿಬಿಡ್ತು, ಅದಕ್ಕೆ ಬದಲಾಯಿಸ್ದೆ. ವಿಸಂಧಿ, ಅಂದ್ರೆ ಎರಡು ಪದ ಸಂಧಿ ಆಗದೇ ಬಿಡಿಬಿಡಿ ಉಳಿಯೋದು, ಆಗ್ಬಾರ್ದು ಅಂತ ಬರಲಣ್ಣಂ ಅಂತ ಕೂಡಿಸಿದೀನಿ, ತಪ್ಪಿದ್ರೆ ತಿದ್ದಿ. ಅಜ್ಜಿ ಆಗ ಹುಣಸೆಹಣ್ಣು ಬಿಡಿಸ್ತಾ ಕೂತಿದ್ಲಂತೆ, ಕೈಯಲ್ಲಿದ್ದ ಅಂಟೆಲ್ಲ ದೊಡ್ಡಪ್ಪನ ಗಡ್ಡಕ್ಕೆ ಹತ್ತಿತ್ತಂತೆ. ಹಣ್ಣು ಪ್ರಾಸಕ್ಕೇನೋ ಸಿಕ್ತಿತ್ತು, ಆದ್ರೆ ಆ ಅಂಟನ್ನ 12 ಮಾತ್ರೆಯೊಳಗೆ ತರೋಕೆ ನಂಗೆ ಆಗ್ಲಿಲ್ಲ.