ಲ್ಯಾಂಡ್‌ಲೈನ್ ಬ್ರಾಡ್‌ಬ್ಯಾಂಡ್: ಫೋನ್ ರಿಂಗ್ ಆದ ತಕ್ಷಣ ನೆಟ್ ಕಟ್, ಮೋಡೆಮ್ ಬದಲಾಯಿಸ್ಬೇಕಾ?

ತೋಟದಮನೆ_ಸಾಗರ

ಎಲ್ರಿಗೂ ನಮಸ್ಕಾರ. ನಮ್ಮನೆ ಸಾಗರದಿಂದ ಸ್ವಲ್ಪ ಒಳಗೆ, ಫೈಬರ್ ಇನ್ನೂ ನಮ್ ಕಡೆ ಬಂದಿಲ್ಲ, ಮೊಬೈಲ್ ಸಿಗ್ನಲ್ ಅಂದ್ರೆ ಅಂಗಳದ ತುದೀಲಿ ನಿಂತ್ರೆ ಒಂದು ಕಡ್ಡಿ ಅಷ್ಟೆ. ಅಪ್ಪ ಹಾಕಿಸಿದ್ದ ಹಳೇ ಲ್ಯಾಂಡ್‌ಲೈನ್ ಇತ್ತು, ಅದಕ್ಕೇ ಬ್ರಾಡ್‌ಬ್ಯಾಂಡ್ ಮಾಡಿಸ್ಕೊಂಡ್ವಿ, 2 ಎಂಬಿಪಿಎಸ್ ಪ್ಲಾನು. ತಂಗಿಗೆ ಆನ್‌ಲೈನ್ ಕ್ಲಾಸ್, ನಂಗೆ ಮನೆಯಿಂದ್ಲೇ ಕೆಲಸ, ಹಾಗಾಗಿ ಇದು ಸರಿ ಇಲ್ದಿದ್ರೆ ಇಬ್ರಿಗೂ ಕಷ್ಟ.

ಮೋಡೆಮ್ ಅಂಗಡೀಲಿ ತಗೊಂಡಿದ್ದು, ಎಡಿಎಸ್ಎಲ್2+ (ಫೋನ್ ತಂತೀಲೇ ನೆಟ್ ತರೋ ಡಿಎಸ್ಎಲ್‌ನ ಒಂದು ಬಗೆ) ವೈಫೈ ರೂಟರ್. ಸೆಟ್ಟಿಂಗ್ ಪೇಜಲ್ಲಿ ವಿಪಿಐ, ವಿಸಿಐ, ಬ್ರಿಡ್ಜ್, ಪಿಪಿಪಿಒಇ ಅಂತ ಏನೇನೋ ಇದೆ, ಹೇಗೋ ಮಾಡಿ ನೆಟ್ ಬಂತು ಆದ್ರೆ ಅದ್ರ ಅರ್ಥ ಏನು ಅಂತ ಗೊತ್ತಾಗ್ಲಿಲ್ಲ. ಈಗಿನ ಸಮಸ್ಯೆ ಅಂದ್ರೆ ಯಾರಾದ್ರೂ ಫೋನ್ ಮಾಡಿದ ಕೂಡ್ಲೇ ಡಿಎಸ್ಎಲ್ ಲೈಟ್ ಮಿಣುಕೋಕೆ ಶುರು ಆಗುತ್ತೆ, ಒಂದೆರಡು ನಿಮಿಷ ನೆಟ್ ಇರಲ್ಲ, ಆಮೇಲೆ ತಾನಾಗೇ ಬರುತ್ತೆ. ಫೋನಲ್ಲಿ ಮಾತಾಡುವಾಗ ಸುಯ್ ಅಂತ ಸದ್ದು ಬೇರೆ. ಮಳೆ ಬಂದ್ರೆ ಇನ್ನೂ ಜಾಸ್ತಿ. ಬೇರೆ ಮೋಡೆಮ್ ತಗೊಳ್ಳೋದಾ, ಏನ್ ಮಾಡ್ಲಿ?

ನೆಟ್‌ವರ್ಕ್_ಮೈಸೂರು

ದಯವಿಟ್ಟು ಮೋಡೆಮ್‌ಗೆ ಈಗ್ಲೇ ದುಡ್ಡು ಹಾಕ್ಬೇಡಿ. ನೀವು ಹೇಳ್ತಿರೋದನ್ನ ನೋಡಿದ್ರೆ ತೊಂದರೆ ವೈರಿಂಗಲ್ಲಿ ಇರೋ ಹಾಗಿದೆ.

ನಿಮ್ಮ ಮನೆಗೆ ಬರೋದು ಒಂದೇ ಜೋಡಿ ತಾಮ್ರದ ತಂತಿ, ಅದ್ರಲ್ಲೇ ಮಾತೂ ಹೋಗ್ಬೇಕು ನೆಟ್ಟೂ ಹೋಗ್ಬೇಕು. ಮಾತಿಗೆ ಬೇಕಾಗಿರೋದು 4 ಕಿಲೋಹರ್ಟ್ಸ್ ಒಳಗಿನ ಜಾಗ ಮಾತ್ರ. ಎಡಿಎಸ್ಎಲ್ ಅದ್ರ ಮೇಲೆ, ಸುಮಾರು 25 ಕಿಲೋಹರ್ಟ್ಸ್‌ನಿಂದ ಶುರು ಮಾಡಿ 1.1 ಮೆಗಾಹರ್ಟ್ಸ್ ತನಕ ಹೋಗುತ್ತೆ, ಎಡಿಎಸ್ಎಲ್2+ ಆದ್ರೆ 2.2 ಮೆಗಾಹರ್ಟ್ಸ್ ತನಕ. ಕೆಳಗಿನ ಚಿಕ್ಕ ಭಾಗ ಅಪ್‌ಲೋಡ್‌ಗೆ, ಉಳಿದ ದೊಡ್ಡ ಭಾಗ ಡೌನ್‌ಲೋಡ್‌ಗೆ, ಅದಕ್ಕೇ ಇದ್ರಲ್ಲಿ ಅಪ್‌ಲೋಡ್ ಯಾವಾಗ್ಲೂ ಕಮ್ಮಿ. ಎಕ್ಸ್‌ಚೇಂಜಲ್ಲಿ ಡಿಎಸ್‌ಲ್ಯಾಮ್ ಅಂತ ಒಂದು ಪೆಟ್ಟಿಗೆ ಇರುತ್ತೆ, ನಿಮ್ಮ ಮೋಡೆಮ್ ಮಾತಾಡೋದು ಅದ್ರ ಜೊತೆ.

ಈಗ ಮನೇಲಿ ಮಾಮೂಲಿ ಫೋನನ್ನ ಸ್ಪ್ಲಿಟರ್ (ಮಾತು, ನೆಟ್ ಎರಡನ್ನೂ ಬೇರೆ ಮಾಡೋ ಚಿಕ್ಕ ಫಿಲ್ಟರ್ ಡಬ್ಬ) ಇಲ್ದೆ ಅದೇ ಜೋಡಿಗೆ ಹಾಕಿದ್ರೆ ಅದು ಡಿಎಸ್ಎಲ್ ಸಿಗ್ನಲನ್ನೂ ಎಳ್ಕೊಳ್ಳುತ್ತೆ. ರಿಂಗ್ ಆದಾಗ, ರಿಸೀವರ್ ಎತ್ತಿದಾಗ ಲೈನಿನ ಸ್ಥಿತಿ ದಿಢೀರ್ ಅಂತ ಬದಲಾಗುತ್ತೆ, ಮೋಡೆಮ್‌ಗೆ ಅದು ತಡೆಯೋಕಾಗಲ್ಲ, ಸಿಂಕ್, ಅಂದ್ರೆ ಡಿಎಸ್‌ಲ್ಯಾಮ್ ಜೊತೆಗಿನ ಸಂಪರ್ಕ, ಬಿಟ್ಟುಬಿಡುತ್ತೆ. ನೀವು ಹೇಳಿದ ಸುಯ್ ಸದ್ದು ಡಿಎಸ್ಎಲ್ ಫೋನಿನೊಳಗೆ ನುಗ್ಗಿ ಕೇಳಿಸ್ತಿರೋದು ಇರ್ಬೋದು.

ಮನೇಲಿ ಇನ್ನೊಂದು ಫೋನ್ ಏನಾದ್ರೂ ಇದ್ಯಾ? ಮಹಡಿ ಮೇಲೆ, ಹಿಂದಿನ ರೂಮಲ್ಲಿ, ಎಲ್ಲಾದ್ರೂ ಪ್ಯಾರಲಲ್? ಕಾಲರ್ ಐಡಿ ಡಬ್ಬನೂ ಲೆಕ್ಕಕ್ಕೆ ಬರುತ್ತೆ.

ಹುಬ್ಳಿ_ಮಂದಿ

ಮ್ಯಾಲಿನವ್ರು ಹೇಳಿದ್ದು ಖರೆ ಐತ್ರಿ, ನಾ ಸೆಟ್ಟಿಂಗ್ ಅಷ್ಟು ಹೇಳ್ತೀನಿ. ವಿಪಿಐ ವಿಸಿಐ ಅಂದ್ರ ಏನೂ ದೊಡ್ಡ ವಿಷಯ ಅಲ್ಲ, ಡಿಎಸ್‌ಲ್ಯಾಮ್ ಕಡೆ ನಿಮ್ಮ ಡೇಟಾ ಯಾವ ದಾರಿಗೆ ಹೋಗಬೇಕಂತ ಎರಡು ನಂಬರ್ ಅಷ್ಟ. ಬಿಎಸ್ಎನ್ಎಲ್ ಆದ್ರ 0 ಮತ್ತ 35, ಬ್ಯಾರೆ ಕಂಪನಿಗೆ ಬ್ಯಾರೆ ನಂಬರ್. ಇವು ತಪ್ಪಿದ್ರ ಡಿಎಸ್ಎಲ್ ಲೈಟ್ ಗಟ್ಟಿಯಾಗಿ ಉರೀತದ ಆದ್ರ ಇಂಟರ್‌ನೆಟ್ ಲೈಟ್ ಬರೂದಿಲ್ಲ. ಎನ್‌ಕ್ಯಾಪ್ಸುಲೇಶನ್ (ಡೇಟಾ ಕಟ್ಟೂ ರೀತಿ) ಎಲ್‌ಎಲ್‌ಸಿ ಇರ್ಲಿ, ಕನೆಕ್ಷನ್ ಟೈಪ್ ಪಿಪಿಪಿಒಇ (ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿ ಲಾಗಿನ್ ಆಗೂದು), ಎಂಟಿಯು (ಒಂದ ಸಲಕ್ಕ ಹೋಗೂ ಡೇಟಾ ತುಂಡಿನ ಅಳತೆ) 1492.

ಬ್ರಿಡ್ಜ್ ಹಚ್ಚಬ್ಯಾಡ್ರಿ. ಬ್ರಿಡ್ಜ್ ಅಂದ್ರ ಯೂಸರ್‌ನೇಮ್ ಪಾಸ್‌ವರ್ಡ್ ಕಂಪ್ಯೂಟರಿನ್ಯಾಗ ಹಾಕಿ ದಿನಾ ಡಯಲ್ ಮಾಡಬೇಕು, ಮತ್ತ ಆ ಒಂದ ಕಂಪ್ಯೂಟರಿಗೆ ನೆಟ್. ಪಿಪಿಪಿಒಇ ಮೋಡೆಮಿನ್ಯಾಗ ಇಟ್ರ ಮೋಡೆಮ್ ತಾನ ಲಾಗಿನ್ ಆಗ್ತದ, ತಂಗೀ ಫೋನು, ನಿಮ್ಮ ಲ್ಯಾಪ್‌ಟಾಪ್ ಎರಡೂ ನಡೀತಾವ. ಹಂಗ 192.168.1.1, ಅಂದ್ರ ಮೋಡೆಮಿನ ಸೆಟ್ಟಿಂಗ್ ಪೇಜ್ ಒಳಗ ಹೋಗಿ ಆ ಅಡ್ಮಿನ್ ಅಡ್ಮಿನ್ ಪಾಸ್‌ವರ್ಡ್ ಮೊದಲ ಬದಲಿ ಮಾಡ್ರಿ, ವೈಫೈಗೆ ಡಬ್ಲ್ಯೂಪಿಎ2 ಇಡ್ರಿ. ಇದನ್ನ ಭಾಳ ಮಂದಿ ಬಿಟ್ಟುಬಿಡ್ತಾರ.

ತೋಟದಮನೆ_ಸಾಗರ

ಹೌದು ಸರ್, ಮಹಡಿ ಮೇಲೆ ಅಜ್ಜನ ರೂಮಲ್ಲಿ ಇನ್ನೊಂದು ಫೋನ್ ಇದೆ, ಹಳೇ ರೋಸೆಟ್‌ನಿಂದ (ಗೋಡೆ ಮೇಲೆ ಫೋನ್ ಲೈನ್ ಬಂದು ಸೇರೋ ಡಬ್ಬ) ನೇರ ವೈರ್ ಎಳೆದಿದ್ದಾರೆ. ಸ್ಪ್ಲಿಟರ್ ಕೆಳಗಡೆ ಮೋಡೆಮ್ ಹತ್ರ ಇದೆ. ಇನ್ನೊಂದು, ರೋಸೆಟ್ ಜಗಲೀಲಿ, ಮೋಡೆಮ್ ಒಳಗಿನ ರೂಮಲ್ಲಿ, ಮಧ್ಯೆ ಉದ್ದದ ಚಪ್ಪಟೆ ಫೋನ್ ವೈರ್ ಹಾಕಿದೀನಿ. ಬ್ರಿಡ್ಜ್ ತೆಗೆದು ಪಿಪಿಪಿಒಇ ಮಾಡಿದೆ, ಇಬ್ರಿಗೂ ಬರ್ತಿದೆ, ಥ್ಯಾಂಕ್ಸ್ ಅಣ್ಣಾ.

ಸ್ಟೇಟಸ್ ಪೇಜಲ್ಲಿ ಹೀಗೆ ತೋರಿಸ್ತಿದೆ: ಡೌನ್‌ಸ್ಟ್ರೀಮ್ 2048, ಎಸ್ಎನ್ಆರ್ ಮಾರ್ಜಿನ್ 5, ಅಟೆನ್ಯುಯೇಶನ್ 52.

ಹಳೇ_ಲೈನ್‌ಮನ್

ನೋಡಪ್ಪ, ಟೆಲಿಫೋನ್ ಲೈನಲ್ಲೇ ಕೆಲಸ ಮಾಡಿ ರಿಟೈರ್ ಆದೋನು ನಾನು. ಮೋಡೆಮ್ ಸೆಟ್ಟಿಂಗ್ ನಿಮ್ಮಂಥವ್ರೇ ಚೆನ್ನಾಗಿ ಮಾಡ್ತೀರಿ, ಆದ್ರೆ ಲೈನ್ ನೋಡದೆ ಸೆಟ್ಟಿಂಗ್ ತಿರುಗಿಸ್ತಾ ಕೂತ್ರೆ ಪ್ರಯೋಜನ ಇಲ್ಲ.

ಅಟೆನ್ಯುಯೇಶನ್ ಅಂದ್ರೆ ದಾರೀಲಿ ಸಿಗ್ನಲ್ ಎಷ್ಟು ಸೋರಿಹೋಗುತ್ತೆ ಅನ್ನೋ ಲೆಕ್ಕ, 52 ಅಂದ್ರೆ ಎಕ್ಸ್‌ಚೇಂಜಿಂದ ಕೇಬಲ್ ಲೆಕ್ಕದಲ್ಲಿ ಸುಮಾರು ನಾಲ್ಕು ಕಿಲೋಮೀಟರ್ ದೂರ ಇದ್ದೀರಿ ಅಂತ. ರಸ್ತೆ ಲೆಕ್ಕ ಅಲ್ಲ, ಕೇಬಲ್ ಸುತ್ತಿ ಬಳಸಿ ಬರುತ್ತೆ. ಎಡಿಎಸ್ಎಲ್2+ 24 ಎಂಬಿಪಿಎಸ್ ಅಂತ ಡಬ್ಬದ ಮೇಲೆ ಬರೆದಿರೋದು ಎಕ್ಸ್‌ಚೇಂಜ್ ಪಕ್ಕದ ಮನೆಯವ್ರಿಗೆ, ಇಷ್ಟು ದೂರಕ್ಕೆ ಮೂರು ನಾಲ್ಕು ಬಂದ್ರೆ ದೊಡ್ಡದು. ಆದ್ರೆ ನಿಮ್ಮದು 2ಕ್ಕೇ ಕಟ್ಟಿರೋ ಪ್ರೊಫೈಲ್, ಆ ದೂರಕ್ಕೆ 2 ಆರಾಮಾಗಿ ನಿಲ್ಲಬೇಕು. ಮಾರ್ಜಿನ್ ಅಂದ್ರೆ ಗಲಾಟೆ ತಡ್ಕೊಳ್ಳೋಕೆ ಸಿಗ್ನಲಲ್ಲಿ ಉಳಿದಿರೋ ಶಕ್ತಿ, ಅದು 5 ಅನ್ನೋದು ಕಮ್ಮಿ ಆಯ್ತು, 6ರ ಕೆಳಗೆ ಹೋದ್ರೆ ಸಣ್ಣ ಗಲಾಟೆಗೂ ಲಿಂಕ್ ಬಿದ್ದುಹೋಗುತ್ತೆ, 10ರ ಮೇಲಿದ್ರೆ ನೆಮ್ಮದಿ.

ಜಗಲೀಲಿ ರೋಸೆಟ್ ಬಿಚ್ಚಿ, ಮಹಡಿಗೆ ಹೋಗೋ ಜೋಡೀನ ಪೂರ್ತಿ ಕಳಚಿ ಪಕ್ಕಕ್ಕಿಡಿ. ಫೋನ್ ಪ್ಲಗ್ ತೆಗೆದ್ರೆ ಸಾಲದು, ಸುಮ್ನೆ ತೂಗಾಡೋ ವೈರೂ ಸಿಗ್ನಲ್ ತಿನ್ನುತ್ತೆ. ಒಂದೇ ನೆನಪಿರಲಿ, ಲೈನಲ್ಲಿ 48 ವೋಲ್ಟ್ ಡಿಸಿ ಇರುತ್ತೆ, ಅದು ಅಷ್ಟು ಗೊತ್ತಾಗಲ್ಲ, ಆದ್ರೆ ಕೈ ಹಾಕಿರುವಾಗ ರಿಂಗ್ ಬಂದ್ರೆ ಜುಮ್ ಅನ್ನಿಸುತ್ತೆ, ಒದ್ದೆ ಕೈಯಲ್ಲಿ ಮುಟ್ಟಬೇಡಿ. ಮೋಡೆಮನ್ನ ಜಗಲಿಗೇ ತಂದು ರೋಸೆಟ್‌ಗೆ ನೇರ ಹಾಕಿ ಮಾರ್ಜಿನ್ ಎಷ್ಟು ಬರುತ್ತೆ ನೋಡಿ ಹೇಳಿ. ಫೋನಲ್ಲಿ ಒಂದು ನಂಬರ್ ಒತ್ತಿ ಡಯಲ್ ಟೋನ್ ನಿಂತ ಮೇಲೆ ಕಿವಿಗೊಟ್ಟು ಕೇಳಿ, ಮೋಡೆಮ್ ಆಫ್ ಇದ್ದಾಗ್ಲೂ ಕರಕರ ಅಂದ್ರೆ ಅದು ಹೊರಗಿನ ಜಾಯಿಂಟ್.

ತೋಟದಮನೆ_ಸಾಗರ

ಹೇಳಿದ ಹಾಗೇ ಮಾಡಿದೆ. ಮಹಡಿ ವೈರ್ ಕಳಚಿದ ಮೇಲೆ ಮಾರ್ಜಿನ್ 5ರಿಂದ 9 ಆಯ್ತು, ಮೋಡೆಮ್ ಜಗಲಿಗೆ ತಂದು ನೇರ ಹಾಕಿದ್ರೆ 11! ಮೊಬೈಲಿಂದ ಫೋನ್ ಮಾಡಿ ನೋಡಿದೆ, ರಿಂಗ್ ಆದ್ರೂ ಲೈಟ್ ಅಲ್ಲಾಡ್ಲಿಲ್ಲ. ಸುಯ್ ಸದ್ದು ಹೋಯ್ತು. ಆದ್ರೆ ಮೋಡೆಮ್ ಆಫ್ ಮಾಡಿ ಕೇಳಿದ್ರೆ ಸಣ್ಣಗೆ ಕರಕರ ಇನ್ನೂ ಇದೆ. ಅಜ್ಜಂಗೆ ಮೇಲೆ ಫೋನ್ ಬೇಕೇಬೇಕು, ಮಂಡಿ ನೋವು, ಇಳಿದು ಬರೋಕಾಗಲ್ಲ. ಅದಕ್ಕೇನು ಮಾಡೋದು?

ನೆಟ್‌ವರ್ಕ್_ಮೈಸೂರು

ಅದು ಸುಲಭ. ಸ್ಪ್ಲಿಟರನ್ನ ರೋಸೆಟ್ ಪಕ್ಕದಲ್ಲೇ ಹಾಕಿ. ಅದ್ರಲ್ಲಿ ಮೂರು ತೂತು ಇರುತ್ತೆ, ಲೈನ್ ಅಂತ ಇರೋದಕ್ಕೆ ಹೊರಗಿಂದ ಬರೋ ಜೋಡಿ, ಮೋಡೆಮ್ ಅಂತ ಇರೋದಕ್ಕೆ ಮೋಡೆಮ್, ಫೋನ್ ಅಂತ ಇರೋದ್ರಿಂದ ಕೆಳಗಿನ ಫೋನು, ಅಜ್ಜನ ಫೋನು ಎರಡಕ್ಕೂ ವೈರ್ ಕೊಡಿ. ಫೋನ್ ಎಷ್ಟಿದ್ರೂ ಫಿಲ್ಟರ್ ದಾಟಿ ಬಂದ್ರೆ ಡಿಎಸ್ಎಲ್‌ಗೆ ತೊಂದರೆ ಇಲ್ಲ.

ಮೋಡೆಮ್ ಜಗಲೀಲೇ ಇರ್ಲಿ. ಒಳಗಿನ ರೂಮಿಗೆ ಆ ಚಪ್ಪಟೆ ವೈರ್ ಬದಲು ಲ್ಯಾನ್ ಕೇಬಲ್ ಎಳೀರಿ, ಅದು 100 ಮೀಟರ್ ತನಕ ನಡೆಯುತ್ತೆ. ಚಪ್ಪಟೆ ವೈರಲ್ಲಿ ಹುರಿ ಇಲ್ಲ, ಟ್ಯೂಬ್‌ಲೈಟು ಮಿಕ್ಸಿ ಎಲ್ಲದ್ರ ಗಲಾಟೆ ಎಳ್ಕೊಳ್ಳುತ್ತೆ. ಮತ್ತೆ ವೇಗದ ಲೆಕ್ಕ, 2048 ಅನ್ನೋದು ಕಿಲೋಬಿಟ್, ಡೌನ್‌ಲೋಡಲ್ಲಿ ಸೆಕೆಂಡಿಗೆ 256 ಕಿಲೋಬೈಟ್ ಆಗ್ಬೇಕು, ಅದ್ರಲ್ಲಿ ಸ್ವಲ್ಪ ಖರ್ಚು ಹೋಗಿ 220, 230 ಕಂಡ್ರೆ ಲೈನ್ ಪೂರ್ತಿ ಕೊಡ್ತಿದೆ ಅಂತಲೇ ಅರ್ಥ.

ಹಳೇ_ಲೈನ್‌ಮನ್

ಆ ಕರಕರ ಬಿಡಬೇಡಿ, ಮಳೇಲಿ ನೆಟ್ ಹೋಗೋದು ಅದ್ರಿಂದ್ಲೇ. ತೋಟದೊಳಗೆ ಮರದಿಂದ ಮರಕ್ಕೆ ಡ್ರಾಪ್ ವೈರ್ (ಹೊರಗಿನ ಲೈನಿಂದ ಮನೆಗೆ ಬರೋ ತಂತಿ) ಹೋಗಿದ್ರೆ ಎಲ್ಲೋ ಸಿಪ್ಪೆ ಹೋಗಿ ನೀರು ಮುಟ್ಟಿರುತ್ತೆ, ಇಲ್ಲಾ ಕೈಯಲ್ಲಿ ತಿರುಚಿದ ಜಾಯಿಂಟ್ ಕಿಲುಬು ಹಿಡಿದಿರುತ್ತೆ. ಕಂಪ್ಲೇಂಟ್ ಕೊಡುವಾಗ ನೆಟ್ ಸ್ಲೋ ಅನ್ನಬೇಡಿ, ಫೋನಲ್ಲಿ ಶಬ್ದ ಬರ್ತಿದೆ ಅನ್ನಿ, ಆಗ ಲೈನ್‌ನವ್ರೇ ಬರ್ತಾರೆ. ಬಂದವ್ರ ಹತ್ರ ಡಿಪಿಯಿಂದ (ಮನೆಮನೆಗೆ ಲೈನ್ ಹಂಚೋ ಡಬ್ಬ) ಮನೆ ತನಕ ಜಾಯಿಂಟ್ ಇಲ್ದೆ ಒಂದೇ ಉದ್ದದ ವೈರ್ ಕೇಳಿ, ಡಿಪಿ ಒಳಗೆ ಜೋಡಿ ಬದಲಿಸಿ ನೋಡೋಕೂ ಹೇಳಿ. ನೀವಾಗಿ ಡಿಪಿ ಬಾಕ್ಸ್ ತೆಗೀಬೇಡಿ, ಬೇರೆ ಮನೆಯವ್ರ ಲೈನೂ ಅದ್ರಲ್ಲೇ ಇರುತ್ತೆ.

ಗುಡುಗು ಶುರುವಾದ ಕೂಡ್ಲೇ ಮೋಡೆಮಿಂದ ಫೋನ್ ವೈರು, ಕರೆಂಟ್ ಅಡಾಪ್ಟರ್ ಎರಡನ್ನೂ ತೆಗೀರಿ. ನಿಮ್ಮ ಕಡೆ ಮೋಡೆಮ್ ಸುಟ್ಟುಹೋಗೋದು ಹೆಚ್ಚಾಗಿ ಫೋನ್ ವೈರಿಂದ್ಲೇ, ಎಲ್ರೂ ಸ್ವಿಚ್ ಒಂದನ್ನೇ ಆಫ್ ಮಾಡ್ತಾರೆ. ಲ್ಯಾನ್ ಕೇಬಲ್ ಎಳೆದ ಮೇಲೆ ಅದನ್ನೂ ಕಳಚಿ, ಇಲ್ದಿದ್ರೆ ಸಿಡಿಲಿನ ಏಟು ಲ್ಯಾಪ್‌ಟಾಪ್ ತನಕ ಹೋಗುತ್ತೆ.

ತೋಟದಮನೆ_ಸಾಗರ

ಸ್ಪ್ಲಿಟರ್ ಜಗಲಿಗೆ ಬಂತು, ಅಜ್ಜನ ಫೋನ್ ಮೇಲೆ ರಿಂಗ್ ಆಗ್ತಿದೆ, ಮಾರ್ಜಿನ್ 11ರಲ್ಲೇ ನಿಂತಿದೆ. ಫೋನಲ್ಲಿ ಶಬ್ದ ಅಂತ ಕಂಪ್ಲೇಂಟ್ ಬರೆಸಿದೀನಿ. ಡ್ರಾಪ್ ವೈರ್ ಬದಲಾಯಿಸಿದ ಮೇಲೆ, ಒಂದು ಜೋರು ಮಳೆ ಆಗ್ಲಿ, ಆಗ ಎಷ್ಟಿದೆ ಅಂತ ಇಲ್ಲೇ ಹಾಕ್ತೀನಿ.