ಹೊಕ್ಕುಳಬಳ್ಳಿಯ ರಕ್ತವನ್ನು ಯಾರಿಗಾಗಿ ಕೂಡಿಡಬೇಕು?

ಅಮೆರಿಕದಲ್ಲಿ ಮಗುವಿನ ನಿರೀಕ್ಷೆಯಲ್ಲಿರುವ ನಮ್ಮ ದಂಪತಿಗಳಿಗೆ ಸೀಮಂತದ ಹೊತ್ತಿಗೆಲ್ಲ ಖಾಸಗಿ ಕಾರ್ಡ್ ಬ್ಲಡ್ ಬ್ಯಾಂಕುಗಳ ಕರೆಗಳೂ ರಿಯಾಯಿತಿಯ ಕೂಪನ್‌ಗಳೂ ಬರತೊಡಗುತ್ತವೆ. ಹೊಕ್ಕುಳಬಳ್ಳಿಯ ರಕ್ತವನ್ನು ಸಂಗ್ರಹಿಸಲು ಆರಂಭದಲ್ಲಿ 1,000 ಡಾಲರಿಗೂ ಹೆಚ್ಚು ಕೇಳುತ್ತಾರೆ. ಆಮೇಲೆ ವರ್ಷವರ್ಷವೂ ಶುಲ್ಕ ತುಂಬುತ್ತಿರಬೇಕು. ಉದುರಿದ ಹೊಕ್ಕುಳಬಳ್ಳಿಯನ್ನು ಬೆಳ್ಳಿಯ ತಾಯಿತದಲ್ಲಿ ಇಟ್ಟು ಕಾಪಾಡಿದ ಮನೆತನಗಳಿಂದ ಬಾಣಂತನಕ್ಕೆಂದು ಬರುವ ನಮ್ಮ ತಾಯಂದಿರಿಗೂ ಇದು ಒಳ್ಳೆಯ ಕೆಲಸವೆಂದೇ ತೋರುತ್ತದೆ. ಆದರೂ ಸಹಿ ಹಾಕುವ ಮೊದಲು ಈ ರಕ್ತ ಯಾರಿಗೆ, ಯಾವಾಗ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕೆಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಈ ಚಿಕಿತ್ಸೆಯ ಬಗ್ಗೆ ಸಂಶಯಪಡಬೇಕಾಗಿಲ್ಲ. 1988ರಲ್ಲಿ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಎಲಿಯಾನ್ ಗ್ಲಕ್‌ಮನ್ ಮತ್ತು ಅವರ ತಂಡದವರು ಫ್ಯಾಂಕೋನಿ ಅನೀಮಿಯಾದಿಂದ (ಅಸ್ಥಿಮಜ್ಜೆ ರಕ್ತವನ್ನು ಉತ್ಪಾದಿಸಲಾರದಂತಾಗುವ ಆನುವಂಶಿಕ ರೋಗ) ನರಳುತ್ತಿದ್ದ ಅಮೆರಿಕದ ಐದು ವರ್ಷದ ಬಾಲಕನಿಗೆ ಅವನ ನವಜಾತ ತಂಗಿಯ ಹೊಕ್ಕುಳಬಳ್ಳಿಯ ರಕ್ತವನ್ನು ಕಸಿ ಮಾಡಿದರು. ಆ ಬಾಲಕ ಬದುಕಿ ಬೆಳೆದು ದೊಡ್ಡವನಾದ. ಈ ರಕ್ತದಲ್ಲಿ ಅಸ್ಥಿಮಜ್ಜೆಯಲ್ಲಿರುವಂತೆಯೇ ರಕ್ತವನ್ನು ಉತ್ಪಾದಿಸಬಲ್ಲ ಆಕರಕೋಶಗಳಿರುತ್ತವೆ, ಮತ್ತು ದಾನಿ ಹಾಗೂ ರೋಗಿಯ ಎಚ್‌ಎಲ್‌ಎ (ದೇಹ ತನ್ನ ಕೋಶಗಳನ್ನು ಗುರುತಿಸಲು ಬಳಸುವ ಪ್ರೋಟೀನುಗಳು) ಹೊಂದಾಣಿಕೆ ಅಷ್ಟು ಕರಾರುವಾಕ್ಕಾಗಿ ಇಲ್ಲದಿದ್ದರೂ ಕಸಿ ನಡೆಯುತ್ತದೆ.

ಆ ಬಾಲಕನಿಗೆ ದೊರೆತದ್ದು ತಂಗಿಯ ರಕ್ತ ಎಂಬುದನ್ನು ಮಾತ್ರ ನಾವು ಮರೆಯಬಾರದು. ಥಲಸ್ಸೀಮಿಯಾ, ಸಿಕಲ್ ಸೆಲ್ ಮುಂತಾದ ಆನುವಂಶಿಕ ರಕ್ತರೋಗದೊಂದಿಗೆ ಹುಟ್ಟಿದ ಮಗುವಿನ ಹೊಕ್ಕುಳಬಳ್ಳಿಯ ರಕ್ತದಲ್ಲಿಯೂ ಅದೇ ದೋಷವಿರುವುದರಿಂದ ಅದನ್ನು ಆ ಮಗುವಿಗೇ ಮರಳಿ ಕೊಟ್ಟು ಪ್ರಯೋಜನವಿಲ್ಲ. ರಕ್ತದ ಕ್ಯಾನ್ಸರಿನಲ್ಲಿಯೂ ರೋಗಕ್ಕೆ ದಾರಿಮಾಡುವ ಬದಲಾವಣೆಗಳು ಹುಟ್ಟುವಾಗಲೇ ಇದ್ದಿರಬಹುದು. ಅಲ್ಲದೆ ಕ್ಯಾನ್ಸರ್ ಕೋಶಗಳನ್ನು ಪರಕೀಯವೆಂದು ಗುರುತಿಸಿ ನಾಶಮಾಡುವ ಶಕ್ತಿ ಬೇರೆಯವರ ಕೋಶಗಳಿಗೆ ಇರುವಷ್ಟು ಸ್ವಂತ ಕೋಶಗಳಿಗೆ ಇರುವುದಿಲ್ಲ. ಜೀವನದ ಮೊದಲ 20 ವರ್ಷಗಳಲ್ಲಿ ವ್ಯಕ್ತಿಯೊಬ್ಬ ತನ್ನದೇ ಕಾರ್ಡ್ ಬ್ಲಡ್ ಬಳಸುವ ಸಾಧ್ಯತೆಯನ್ನು 2,500ರಲ್ಲಿ ಒಂದರಿಂದ 2,00,000ದಲ್ಲಿ ಒಂದು ಎಂದು ಅಂದಾಜಿಸಲಾಗಿದ್ದು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಖಾಸಗಿ ಸಂಗ್ರಹಣೆಯನ್ನು ಶಿಫಾರಸು ಮಾಡುವುದಿಲ್ಲ. ಕೆಲವು ವರ್ಷಗಳ ನಂತರ ಊರಿಗೆ ಮರಳಬೇಕೆಂದಿರುವವರು ಇದನ್ನೂ ಗಮನಿಸಲಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ 2017ರ ತನ್ನ ನಿಲುವಿನಲ್ಲಿ ಅಗತ್ಯವಿರುವ ಯಾವ ರೋಗಿಗಾದರೂ ರಕ್ತ ಒದಗಿಸುವ ಸಾರ್ವಜನಿಕ ಬ್ಯಾಂಕುಗಳಿಗೆ ದಾನ ಮಾಡುವುದನ್ನೇ ಬೆಂಬಲಿಸಿದೆ. ಜಾಹೀರಾತುಗಳು ಮೇಲಿಂದ ಮೇಲೆ ಆಟಿಸಮ್ಮಿನ ಹೆಸರೆತ್ತುತ್ತವೆಯಾದರೂ, ಡ್ಯೂಕ್ ವಿಶ್ವವಿದ್ಯಾಲಯದ ತಂಡ 2020ರಲ್ಲಿ ಪ್ರಕಟಿಸಿದ ಪ್ರಯೋಗದ ಮುಖ್ಯ ಮಾನದಂಡದಲ್ಲಿ ಗಮನಾರ್ಹ ಸುಧಾರಣೆ ಕಂಡುಬರಲಿಲ್ಲ. ಹೆತ್ತವರ ಆತಂಕವನ್ನು ಹೀಗೆ ಮಾರಾಟಕ್ಕೆ ಬಳಸಿಕೊಳ್ಳುವುದು ನನಗೆ ತೀರಾ ನೋವಿನ ಸಂಗತಿ.

ಹಾಗಾದರೆ ಸ್ವಂತಕ್ಕೆ ಕೂಡಿಡುವುದು ಯಾರಿಗೆ ಸರಿ? ಮನೆಯಲ್ಲಿ ಈಗಾಗಲೇ ಥಲಸ್ಸೀಮಿಯಾ ಮೇಜರ್‌ನಂತಹ (ಥಲಸ್ಸೀಮಿಯಾದ ತೀವ್ರ ರೂಪ), ಕಸಿಯಿಂದ ಗುಣವಾಗಬಲ್ಲ ರೋಗವಿರುವ ಮಗು ಇದ್ದರೆ ಹುಟ್ಟಲಿರುವ ತಮ್ಮನ ಅಥವಾ ತಂಗಿಯ ರಕ್ತವನ್ನು ಖಂಡಿತ ಉಳಿಸಬೇಕು. ಒಡಹುಟ್ಟಿದವರ ಎಚ್‌ಎಲ್‌ಎ ಪೂರ್ಣವಾಗಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇಂತಹ ಕುಟುಂಬಗಳಿಗೆ ಉಚಿತವಾಗಿ ಅಥವಾ ಕಡಿಮೆ ವೆಚ್ಚದಲ್ಲಿ ಸಂಗ್ರಹಿಸಿಕೊಡುವ ವ್ಯವಸ್ಥೆಗಳೂ ಇರುವುದರಿಂದ, ಗರ್ಭ ನಿಂತದ್ದು ತಿಳಿದ ಕೂಡಲೇ ದೊಡ್ಡ ಮಗುವನ್ನು ನೋಡುತ್ತಿರುವ ರಕ್ತರೋಗ ತಜ್ಞರೊಡನೆ ಮಾತನಾಡಿರಿ. ಗಂಡ ಹೆಂಡತಿ ಇಬ್ಬರೂ ಥಲಸ್ಸೀಮಿಯಾ ವಾಹಕರೇ (ತಮಗೆ ರೋಗವಿಲ್ಲದಿದ್ದರೂ ಅದರ ದೋಷವನ್ನು ಮಕ್ಕಳಿಗೆ ದಾಟಿಸಬಲ್ಲವರೇ) ಎಂಬ ರಕ್ತಪರೀಕ್ಷೆಯನ್ನಂತೂ ಎಲ್ಲ ದಂಪತಿಗಳೂ ಮೊದಲೇ ಮಾಡಿಸಿಕೊಳ್ಳುವುದು ಉತ್ತಮ.

ಹೆರಿಗೆಯ ಕೋಣೆಯಲ್ಲಿ ನೆನಪಿಡಬೇಕಾದ ಇನ್ನೊಂದು ವಿಷಯವಿದೆ. ಮಗು ಹುಟ್ಟಿದ ಮೇಲೆ ಕನಿಷ್ಠ 30ರಿಂದ 60 ಸೆಕೆಂಡು ತಡೆದು ಹೊಕ್ಕುಳಬಳ್ಳಿಯನ್ನು ಬಿಗಿಯಬೇಕೆಂದು ಅಮೆರಿಕದ ಪ್ರಸೂತಿ ತಜ್ಞರ ಸಂಘಟನೆ ಹೇಳುತ್ತದೆ, ಏಕೆಂದರೆ ಆ ಅವಧಿಯಲ್ಲಿ ಹರಿದುಬರುವ ರಕ್ತದಿಂದ ಮಗುವಿನ ದೇಹದಲ್ಲಿ ಮುಂದಿನ ತಿಂಗಳುಗಳಿಗೆ ಬೇಕಾದ ಕಬ್ಬಿಣಾಂಶ ಹೆಚ್ಚುತ್ತದೆ. ರಕ್ತ ಸಂಗ್ರಹಿಸುವ ಚೀಲ ತುಂಬಲಿ ಎಂದು ಆ ಕಾಯುವಿಕೆಯನ್ನು ಮೊಟಕುಗೊಳಿಸಲು ಬಿಡಬೇಡಿ.

ನಮ್ಮ ಸಮುದಾಯಕ್ಕೆ ಸಂಬಂಧಿಸಿದ ದೊಡ್ಡ ಕೊರತೆ ಇರುವುದು ದಾನದಲ್ಲಿ. ಅಸ್ಥಿಮಜ್ಜೆ ಹಾಗೂ ಆಕರಕೋಶ ದಾನಿಗಳ ಇಲ್ಲಿನ ರಾಷ್ಟ್ರೀಯ ನೋಂದಣಿಯಾದ ಎನ್‌ಎಂಡಿಪಿಯಲ್ಲಿ ಪೂರ್ಣವಾಗಿ ಹೊಂದುವ ದಾನಿ ಸಿಗುವ ಸಾಧ್ಯತೆ ಬಿಳಿಯರಿಗೆ ಸುಮಾರು ಶೇ. 79 ಇದ್ದರೆ, ಏಷ್ಯಾ ಮೂಲದವರಿಗೆ ಶೇ. 47ರಷ್ಟು ಮಾತ್ರ. ಎಚ್‌ಎಲ್‌ಎ ವಂಶಪಾರಂಪರ್ಯವಾಗಿ ಬರುವುದರಿಂದ ಕನ್ನಡದ ಮಗುವೊಂದಕ್ಕೆ ಹೊಂದುವ ದಾನಿ ನಮ್ಮ ನಾಡಿನ ಮೂಲದವರಲ್ಲಿಯೇ ಸಿಗುವ ಸಂಭವ ಹೆಚ್ಚು. ಸಾರ್ವಜನಿಕ ಬ್ಯಾಂಕಿಗೆ ದಾನ ಮಾಡಲು ಹಣ ಕೊಡಬೇಕಾಗಿಲ್ಲ, ಆದರೆ ಕೆಲವೇ ಆಸ್ಪತ್ರೆಗಳಲ್ಲಿ ಆ ಸೌಲಭ್ಯವಿದೆ. ಆದುದರಿಂದ ಏಳನೆಯ ತಿಂಗಳು ತುಂಬುವ ಮೊದಲೇ ವೈದ್ಯರನ್ನು ವಿಚಾರಿಸಿರಿ. ಸೌಲಭ್ಯವಿಲ್ಲದಿದ್ದರೆ, 18ರಿಂದ 40 ವರ್ಷದೊಳಗಿನ ಆರೋಗ್ಯವಂತರು ಕೆನ್ನೆಯ ಒಳಭಾಗದ ಮಾದರಿ ಕೊಟ್ಟು ಎನ್‌ಎಂಡಿಪಿಯಲ್ಲಿ ಹೆಸರು ನೋಂದಾಯಿಸಬಹುದು, ಭಾರತದಲ್ಲಿರುವ ತಮ್ಮಂದಿರಿಗೂ ತಂಗಿಯರಿಗೂ ಚೆನ್ನೈಯ ದಾತ್ರಿ ಸಂಸ್ಥೆಯ ನೋಂದಣಿಯ ವಿಷಯ ತಿಳಿಸಬಹುದು. ನಮ್ಮ ಸಂಘದ ಮುಂದಿನ ರಾಜ್ಯೋತ್ಸವದಲ್ಲಿ ಊಟದ ಪಂಕ್ತಿಯ ಪಕ್ಕದಲ್ಲಿಯೇ ಇದಕ್ಕೊಂದು ಮೇಜು ಹಾಕಲು ಕಾರ್ಯಕಾರಿ ಸಮಿತಿ ಒಪ್ಪುವುದಾದರೆ, ಅಲ್ಲಿ ಕುಳಿತು ಯುವಕರಿಗೆ ವಿವರಿಸುವ ಹೊಣೆಯನ್ನು ನಾನು ವಹಿಸಿಕೊಳ್ಳುತ್ತೇನೆ.