ಬಾಣ ತಗೊಳ್ಳೋ ಮುಂಚೆ ಇಷ್ಟು ಕೇಳಿಸ್ಕೋ, ಪುಟ್ಟು

ಪುಟ್ಟು, ನಿನ್ನ ಮೆಸೇಜ್ ಈಗ ನೋಡ್ದೆ. ಟೈಪ್ ಮಾಡ್ತಾ ಕೂತ್ರೆ ಮುಗಿಯೋದಿಲ್ಲ ಅಂತ ಮಾತಾಡಿಯೇ ಕಳಿಸ್ತಿದ್ದೀನಿ. ಉದ್ದ ಆಗುತ್ತೆ, ಆರಾಮಾಗಿ ಕೇಳ್ಕೋ. ಗ್ರೂಪಲ್ಲೇ ಹಾಕ್ತೀನಿ, ಇಲ್ಲೇ ಮಿಶಿಗನ್ನಿನ ಟ್ರಾಯ್ ಊರಲ್ಲಿರೋ ಭಾವನೂ ಹೋದ ವಾರ ಇದನ್ನೇ ಕೇಳ್ತಿದ್ರು.

ನೀನು ಕೇಳಿದ್ದು ಇಷ್ಟು. ಸೆಕೆಂಡ್ ಹ್ಯಾಂಡ್ ಕಾಂಪೌಂಡ್ ಬಿಲ್ಲು, ಅಂದ್ರೆ ರಾಟೆ ಇರೋದು, ತಗೊಂಡಿದ್ದೀಯ, ಎಳೆತ, ಅಂದ್ರೆ ಹೆದೆ ಎಳೆಯೋಕೆ ಬೇಕಾದ ಬಲ, 60 ಪೌಂಡ್, ಡ್ರಾ ಲೆಂತ್, ಅಂದ್ರೆ ಹೆದೆ ಪೂರ್ತಿ ಎಳೆದಾಗಿನ ಅಳತೆ, 28 ಇಂಚು. ಹಂಟರ್ ಸೇಫ್ಟಿ ಕ್ಲಾಸೂ ಮುಗೀತು. ಅಂಗಡಿಯವನು ಡಜನ್‌ಗೆ 200 ಡಾಲರ್ ಬಾಣ ತೋರಿಸಿ, ಇದಿಲ್ಲದೆ ಜಿಂಕೆ ಹೊಡೆಯೋಕಾಗಲ್ಲ ಅಂದ. ನಿನ್ನ ಹತ್ರ ಎಲ್ಲಾ ಸೇರಿ 100 ಡಾಲರ್ ಇದೆ. ಸಾಕಾಗುತ್ತಾ ಅಂತ ನಿನ್ನ ಪ್ರಶ್ನೆ. ಸಾಕಾಗುತ್ತೆ ಕಣೋ. ಆದ್ರೆ ಆ ದುಡ್ಡು ಯಾವುದಕ್ಕೆ ಹಾಕ್ತೀಯ ಅನ್ನೋದರ ಮೇಲೆ ಎಲ್ಲಾ ಇದೆ.

ನನಗೆ ಆಗಿದ್ದು ಹೇಳ್ತೀನಿ. ಮೊದಲ ವರ್ಷ ನನ್ನ ಬಿಲ್ಲು 40 ಪೌಂಡ್ ಇತ್ತು, ಅದಕ್ಕೆ 600 ಸ್ಪೈನ್ ಬಾಣ ಕೊಟ್ಟಿದ್ರು, ಸರಿಯಾಗೇ ಇತ್ತು. ಸ್ಪೈನ್ ಅಂದ್ರೆ ಕಡ್ಡಿಯ ಬಳುಕು ಹೇಳೋ ನಂಬರ್, ಆಮೇಲೆ ಬಿಡಿಸಿ ಹೇಳ್ತೀನಿ. ಮುಂದಿನ ಬೇಸಿಗೆಯಲ್ಲಿ ತೋಳಿಗೆ ಶಕ್ತಿ ಬಂತು ಅಂತ 52 ಪೌಂಡ್‌ಗೆ ಏರಿಸಿಸ್ಕೊಂಡೆ. ಬಾಣ ಬದಲಾಯಿಸ್ಬೇಕಾ ಅಂತ ಕೇಳಿದ್ರೆ, ಏನೂ ಬೇಡ, ಅದೇ ನಡಿಯುತ್ತೆ ಅಂದ ಅಂಗಡಿಯವನು. ಅಭ್ಯಾಸದ ಮೊನೆ ಹಾಕಿ 20 ಗಜದಿಂದ ಹೊಡೆದ್ರೆ ಎಲ್ಲಾ ಒಂದು ಮುಷ್ಟಿಯಷ್ಟು ಜಾಗದಲ್ಲೇ ಬೀಳ್ತಿತ್ತು, ಖುಷಿಯಾಗಿದ್ದೆ. ಸೀಸನ್ನಿಗೆ ಒಂದು ವಾರ ಇದೆ ಅನ್ನುವಾಗ ಬ್ರಾಡ್‌ಹೆಡ್, ಅಂದ್ರೆ ಬೇಟೆಯ ಅಲಗು, ಹಾಕಿ ಹೊಡೆದೆ. ಮೂರು ಬಾಣ ಮೂರು ದಿಕ್ಕಿಗೆ ಹೋಯ್ತು. ಒಂದಂತೂ ಫೋಮ್ ಜಿಂಕೆಯ ಹೊಟ್ಟೆಗೆ ಚುಚ್ಕೊಂಡಿತ್ತು. ಅದನ್ನು ನೋಡಿ ನನ್ನ ಕೈ ನಡುಗಿತು. ಅದು ನಿಜವಾದ ಜಿಂಕೆ ಆಗಿದ್ದಿದ್ರೆ? ಹೊಟ್ಟೆಗೆ ಬಾಣ ಬಿದ್ದ ಜಿಂಕೆ ತಕ್ಷಣ ಸಾಯಲ್ಲ, ಗಂಟೆಗಟ್ಟಲೆ ನರಳುತ್ತೆ, ಎಲ್ಲೋ ಪೊದೆಯಲ್ಲಿ ಹೋಗಿ ಬೀಳುತ್ತೆ, ನಮಗೆ ಸಿಗೋದೂ ಇಲ್ಲ. ಆ ಪಾಪ ನನಗೆ ಬೇಡ, ನಿನಗೂ ಬೇಡ.

ಆ ವಾರ ನಾನು ಮಾಡಿದ್ದು ದುಬಾರಿ ಬಾಣ ತಗೊಂಡಿದ್ದಲ್ಲ. ಅದೇ ಕಂಪನಿಯ ಅಗ್ಗದ ಬಾಣವೇ, 500 ಸ್ಪೈನ್‌ದು ಆರು ತಗೊಂಡೆ. ಅಲಗು ಹಾಕಿದ್ರೂ ಒಟ್ಟಿಗೇ ಬೀಳೋಕೆ ಶುರುವಾಯ್ತು. ಅದಕ್ಕೇ ನಿನಗೆ ಹೇಳೋದು, ಮೊದಲು ಸ್ಪೈನ್ ನೋಡು, ಬೆಲೆ ಆಮೇಲೆ ನೋಡು.

ಸ್ಪೈನ್ ಅಂದ್ರೆ ಬಾಣದ ಕಡ್ಡಿ ಎಷ್ಟು ಬಗ್ಗುತ್ತೆ ಅನ್ನೋದು. 28 ಇಂಚು ಅಂತರದ ಎರಡು ಆಧಾರದ ಮೇಲೆ ಆ ಕಡ್ಡಿ, ಅಂದ್ರೆ ಶಾಫ್ಟ್, ಮಲಗಿಸಿ, ನಡುವೆ 880 ಗ್ರಾಂ ತೂಕ ನೇತು ಹಾಕ್ತಾರೆ. ಅದು 0.400 ಇಂಚು ಬಗ್ಗಿದ್ರೆ 400 ಸ್ಪೈನ್, 0.340 ಬಗ್ಗಿದ್ರೆ 340. ನಂಬರ್ ಕಮ್ಮಿ ಆದಷ್ಟೂ ಕಡ್ಡಿ ಗಟ್ಟಿ, ಇದನ್ನು ಉಲ್ಟಾ ತಿಳ್ಕೊಂಡು ತಪ್ಪು ಬಾಣ ತರೋರು ಬಹಳ ಜನ. ನಿನ್ನ 60 ಪೌಂಡ್‌ಗೆ, 28 ಇಂಚಿನ ಬಾಣಕ್ಕೆ, 100 ಗ್ರೇನ್ (ಬಾಣ ತೂಗೋ ಪುಟ್ಟ ಅಳತೆ) ಅಲಗಿಗೆ, ಬಾಣದ ಕಂಪನಿಗಳ ಬಹುತೇಕ ಚಾರ್ಟ್‌ಗಳಲ್ಲಿ 400ರ ಹತ್ತಿರ ಬರುತ್ತೆ. ಬಾಣ ಉದ್ದ ಇಟ್ರೆ, ಇಲ್ಲಾ 125 ಗ್ರೇನ್ ಅಲಗು ಹಾಕಿದ್ರೆ, ಕಡ್ಡಿ ಹೆಚ್ಚು ಬಳುಕುತ್ತೆ, ಆಗ 340 ಕಡೆ ಹೋಗ್ಬೇಕಾಗ್ಬಹುದು. ಈಸ್ಟನ್, ಗೋಲ್ಡ್ ಟಿಪ್ ತರದ ಎಲ್ಲಾ ಬಾಣದ ಕಂಪನಿಯವರ ಚಾರ್ಟೂ ಅವರ ಸೈಟಲ್ಲಿ ಪುಕ್ಕಟೆ ಸಿಗುತ್ತೆ. ಯಾರ ಬಾಣ ತಗೋತೀಯೋ ಅವರ ಚಾರ್ಟೇ ನೋಡು.

ಇನ್ನು ಆ 200 ಡಾಲರ್ ಯಾಕೆ ಅಂದ್ರೆ, ನೇರ ಎಷ್ಟಿದೆ ಅನ್ನೋದಕ್ಕೆ. ಡಬ್ಬಿ ಮೇಲೆ .001, .003, .006 ಅಂತ ಬರ್ದಿರುತ್ತೆ. ಕಡ್ಡಿ ಎಷ್ಟು ಸೊಟ್ಟ ಇರಬಹುದು ಅನ್ನೋ ಇಂಚಿನ ಲೆಕ್ಕ. .006 ಅಂದ್ರೆ 0.15 ಮಿಲಿಮೀಟರ್, ಎರಡು ಕೂದಲೆಳೆ ಸೇರಿಸಿದಷ್ಟು ದಪ್ಪ. ಉದಾಹರಣೆಗೆ ಗೋಲ್ಡ್ ಟಿಪ್ ಹಂಟರ್ .006, ಹಂಟರ್ ಎಕ್ಸ್‌ಟಿ .003, ಹಂಟರ್ ಪ್ರೋ .001. ಮಿಶಿಗನ್ ಕಾಡಲ್ಲಿ ಮರದ ಮೇಲೆ ಕೂತು 20-25 ಗಜದಲ್ಲಿ ಹೊಡೆಯೋ ನಿನಗೆ ನನಗೆ ಆ ವ್ಯತ್ಯಾಸ ಗುರಿ ಮೇಲೆ ಕಾಣೋದೇ ಇಲ್ಲ ಅಂತ ಧೈರ್ಯವಾಗಿ ಹೇಳ್ತೀನಿ. ಬಹಳ ದೂರದಿಂದ ಹೊಡೆಯೋ ಸ್ಪರ್ಧೆಯವರಿಗೆ ಬೇಕು, ಅವರು ತಗೊಳ್ಳಲಿ. ಮತ್ತೊಂದು ಗುಟ್ಟು ಇದೆ. ಕಾರ್ಬನ್ ಶಾಫ್ಟಿನಲ್ಲಿ ಸೊಟ್ಟ ಇದ್ರೆ ಹೆಚ್ಚಾಗಿ ತುದಿಗಳಲ್ಲೇ ಇರುತ್ತೆ. ಗರಿ ಅಂಟಿಸದ ಪೂರ್ತಿ ಉದ್ದದ ಶಾಫ್ಟ್ ತಗೊಂಡು ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪ ಕತ್ತರಿಸಿದ್ರೆ ಅಗ್ಗದ ಬಾಣವೂ ಎಷ್ಟೋ ನೇರ ಆಗುತ್ತೆ.

ನೇರಕ್ಕಿಂತ ಮುಖ್ಯ, ಆರೂ ಬಾಣ ಒಂದೇ ತರ ಇರೋದು. ಚಿನ್ನ ತೂಗೋ ತರದ ಪುಟ್ಟ ಡಿಜಿಟಲ್ ತಕ್ಕಡಿ ಒಂದು ತಗೋ, ಗ್ರೇನ್ ತೋರಿಸೋದು. ಲೆಕ್ಕ ನೋಡು: ಶಾಫ್ಟ್ ಇಂಚಿಗೆ 8.5 ಗ್ರೇನ್ ಅಂದ್ಕೋ, 28 ಇಂಚಿಗೆ 238. ಅಲಗು 100, ಇನ್ಸರ್ಟ್, ಅಂದ್ರೆ ಅಲಗು ಕೂರಿಸೋಕೆ ಕಡ್ಡಿಯೊಳಗೆ ಹಾಕೋ ತುಂಡು, 14, ನಾಕ್, ಅಂದ್ರೆ ಹೆದೆಗೆ ಸಿಕ್ಕಿಸೋ ಪ್ಲಾಸ್ಟಿಕ್ ಕವಲು, 10, ಮೂರು ಗರಿ 18. ಒಟ್ಟು 380 ಗ್ರೇನ್, ಸುಮಾರು 25 ಗ್ರಾಂ. ಎಳೆತದ ಒಂದೊಂದು ಪೌಂಡಿಗೂ ಬಾಣದ ತೂಕ ಕನಿಷ್ಠ 5 ಗ್ರೇನ್ ಇರಲೇಬೇಕು, ಅಂದ್ರೆ ನಿನಗೆ 300. ಅದಕ್ಕಿಂತ ಹಗುರ ಬಾಣ ಬಿಟ್ರೆ ಬಿಲ್ಲೇ ಒಡೆದು ಮುಖಕ್ಕೆ ಬರ್ಬಹುದು. 380 ಇದ್ರೆ ಬಿಳಿಬಾಲದ ಜಿಂಕೆಗೆ ಧಾರಾಳ ಆಯ್ತು.

ಬಾಣ ಮನೆಗೆ ಬಂದ್ಮೇಲೆ ಒಂದೊಂದಕ್ಕೂ ಮಾರ್ಕರ್‌ನಲ್ಲಿ ನಂಬರ್ ಬರಿ. ಒಂದು ವಾರ ಹೊಡಿ, ಯಾವ ನಂಬರ್ ಎಲ್ಲಿ ಬಿತ್ತು ಅಂತ ಬರೆದಿಡು. ನನ್ನ 4ನೇ ಬಾಣ ಯಾವಾಗ್ಲೂ ಬಲಕ್ಕೆ, ಎರಡು ಇಂಚು ಕೆಳಗೆ ಬೀಳ್ತಿತ್ತು. ನನ್ನ ಕೈದೇ ತಪ್ಪು ಅಂದ್ಕೊಂಡಿದ್ದೆ. ಅದರ ನಾಕನ್ನು ಕಾಲು ಸುತ್ತು ತಿರುಗಿಸಿ ಹೊಡೆದೆ. ಸೀದಾ ಹೋಗಿ ಉಳಿದ ಐದರ ಪಕ್ಕ ಕೂತ್ಕೊಳ್ತು. ಖರ್ಚು ಒಂದು ಸೆಂಟೂ ಇಲ್ಲ. ತಿರುಗಿಸಿದ್ರೂ ಒಂದು ಬಾಣ ಗುಂಪಿಗೆ ಸೇರದೇ ಇದ್ರೆ ಅದನ್ನು ಬೇಟೆಗೆ ಒಯ್ಯಬೇಡ, ಅಭ್ಯಾಸಕ್ಕೆ ಇಟ್ಕೋ.

ಅಲ್ಯೂಮಿನಿಯಂ ಬಾಣ ಬೇಡ್ವಾ ಅಂತ ಭಾವ ಕೇಳಿದ್ರು. ಬೇಕಾದ್ರೆ ತಗೋಬಹುದು, ಕೆಟ್ಟದ್ದಲ್ಲ. ಈಸ್ಟನ್‌ನವರು 1939ರಿಂದ ಮಾಡ್ತಿದ್ದಾರೆ, ಅಗ್ಗ, ನೇರ, ತೂಕವೂ ಒಂದೇ ತರ. ಅದರ ನಂಬರ್ ಓದೋದು ಬೇರೆ ರೀತಿ, 2117 ಅಂದ್ರೆ ದಪ್ಪ ಇಂಚಿನ 64ರಲ್ಲಿ 21 ಭಾಗ, ಕೊಳವೆಯ ಗೋಡೆ 0.017 ಇಂಚು. ಒಂದೇ ತೊಂದರೆ, ಮರಕ್ಕೆ ತಾಗಿದ್ರೆ ಬಗ್ಗುತ್ತೆ, ಸ್ವಲ್ಪ ಬಗ್ಗಿದ್ದು ಕಣ್ಣಿಗೆ ಕಾಣಲ್ಲ. ಕಾರ್ಬನ್ ಬಗ್ಗಿ ಉಳಿಯಲ್ಲ, ಒಂದೋ ನೆಟ್ಟಗಿರುತ್ತೆ, ಇಲ್ಲಾ ಒಡೆದಿರುತ್ತೆ. ಮರದ ಬಾಣ ಮಾತ್ರ ಕಾಂಪೌಂಡ್ ಬಿಲ್ಲಿಗೆ ಬೇಡವೇ ಬೇಡ.

ಒಡೆಯೋದು ಅಂದ್ನಲ್ಲ, ಇದನ್ನು ಮಾತ್ರ ಮರೀಬೇಡ. ಕಾರ್ಬನ್ ಬಾಣವನ್ನು ಪ್ರತೀ ಸಲ ಬಿಲ್ಲಿಗೆ ಹಾಕೋ ಮುಂಚೆ ಎರಡೂ ತುದಿ ಹಿಡ್ಕೊಂಡು, ನಿನ್ನಿಂದ ಆಚೆ ಕಡೆಗೆ ಮೆಲ್ಲಗೆ ಬಗ್ಗಿಸಿ, ತಿರುಗಿಸಿ ತಿರುಗಿಸಿ ನೋಡು. ಒಣಗಿದ ಹಪ್ಪಳ ಮುರಿದ ಹಾಗೆ ಚಿಟ್ ಅಂತ ಸದ್ದು ಬಂತೋ, ಸೀಳು ಬಿಟ್ಟಿದೆ ಅಂತ ಅರ್ಥ, ಮುರಿದು ಎಸೆ. ಹತ್ತು ಡಾಲರ್ ಹೋಯ್ತು ಅಂತ ನೋಡ್ಬೇಡ. ಸೀಳಿದ ಬಾಣ ಹೆದೆ ಬಿಟ್ಟಾಗ ಸಿಡಿದ್ರೆ ಚೂರು ಕೈಯೊಳಗೆ ಹೋಗುತ್ತೆ. ಜಿಂಕೆಯ ಮೈಯೊಳಗೆ ಬಾಣ ಮುರಿದಿದ್ರೆ ಆ ಗಾಯದ ಸುತ್ತಲಿನ ಮಾಂಸ ಪೂರ್ತಿ ಕತ್ತರಿಸಿ ಬಿಸಾಡು. ಕಾರ್ಬನ್ ಎಳೆ ಹೊಟ್ಟೆಗೆ ಹೋಗ್ಬಾರದು, ಮನೇಲಿ ಮಕ್ಕಳೂ ತಿಂತಾರೆ.

ಸರಿ, ನಿನ್ನ 100 ಡಾಲರ್. ಗರಿ ಅಂಟಿಸಿರೋ .006 ಬಾಣ ಆರು ತಗೋ, ಒಂದೇ ಡಬ್ಬಿಯಿಂದ. ನಾನು ಕೊಂಡಾಗ 50ರ ಆಸುಪಾಸು ಬಿದ್ದಿತ್ತು. ಉಳಿದಿದ್ದು ಒಳ್ಳೆ ಫಿಕ್ಸೆಡ್, ಅಂದ್ರೆ ಮಡಚಿಕೊಳ್ಳದ, ಅಲಗಿಗೆ ಹಾಕು, ಮೂರರ ಪ್ಯಾಕ್. ಅಲಗಿನಲ್ಲಿ ಕಂಜೂಸ್ ಮಾಡ್ಬೇಡ. ಮಿಶಿಗನ್ನಲ್ಲಿ ಜಿಂಕೆಗೆ ಅಲಗಿನ ಅಗಲ ಕನಿಷ್ಠ 7/8 ಇಂಚು ಇರಬೇಕು, ಅದು ಕಾನೂನು. ಅಭ್ಯಾಸದ ಮೊನೆಯೂ ಅಷ್ಟೇ ತೂಕದ್ದು ತಗೋ, 100 ಅಂದ್ರೆ 100. ಅಲಗು ಕಟ್ಟಿದ ಬಾಣವನ್ನು ಅಂಗೈ ಮೇಲೆ ನಿಲ್ಲಿಸಿ ಬುಗುರಿ ತರ ತಿರುಗಿಸೋರಿದ್ದಾರೆ, ಆ ಕೆಲಸ ಮಾತ್ರ ಮಾಡ್ಬೇಡ, ಕೈ ಹೋಗುತ್ತೆ. ಮರದ ಹಲಗೆ ಮೇಲೆ ತಿರುಗಿಸು, ಮೊನೆ ಅಲ್ಲಾಡದೆ ನಿಂತ್ರೆ ಸರಿಯಾಗಿ ಕೂತಿದೆ. ಅಲಗಿನ ಬಾಣ ಅಭ್ಯಾಸದ ಬಾಣಕ್ಕಿಂತ ಎಡಕ್ಕೆ ಬೀಳ್ತಿದ್ರೆ ರೆಸ್ಟನ್ನು, ಅಂದ್ರೆ ಬಿಲ್ಲಲ್ಲಿ ಬಾಣ ಕೂರೋ ಆಸರೆಯನ್ನು, ಕೂದಲೆಳೆಯಷ್ಟು ಬಲಕ್ಕೆ ಸರಿಸು, ಮತ್ತೆ ಹೊಡಿ.

ಊರಿಂದ ಮಾವ ಗ್ರೂಪಲ್ಲಿ ಬರ್ದಿದ್ರು, ಬರುವಾಗ ನಾಲ್ಕು ಬಾಣ ತಂದ್ಕೊಡು, ತೋಟಕ್ಕೆ ಹಂದಿ ಬರುತ್ತೆ ಅಂತ. ಮಾವ, ನಿಮ್ಮ ಕಷ್ಟ ಗೊತ್ತು, ಅಡಿಕೆ ಸಸಿ ಹಾಳಾದ್ರೆ ಹೊಟ್ಟೆ ಉರಿಯುತ್ತೆ. ಆದ್ರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಲ್ಲಿ ಸರ್ಕಾರದ ಅನುಮತಿ ಇಲ್ಲದೆ ಬೇಟೆ ಅಪರಾಧ. ಇಲ್ಲಿ ಲೈಸೆನ್ಸ್ ಇದೆ, ಸೀಸನ್ ಇದೆ, ಎಷ್ಟು ಹೊಡಿಬಹುದು ಅನ್ನೋ ಲೆಕ್ಕ ಇದೆ. ನಾನು ತರೋದಿಲ್ಲ, ಬೇಜಾರು ಮಾಡ್ಕೋಬೇಡಿ.

ಪುಟ್ಟು, ಇಲ್ಲಿ ಅಕ್ಟೋಬರ್ 1ಕ್ಕೆ ಬಿಲ್ಲಿನ ಸೀಸನ್ ಶುರು, ಇನ್ನೂ ಟೈಮ್ ಇದೆ. ಶನಿವಾರ ಬಿಲ್ಲು ತಗೊಂಡು ಮನೆಗೆ ಬಾ, ಬಾಣ ಇನ್ನೂ ಕೊಳ್ಳಬೇಡ. ನಿನ್ನ ಡ್ರಾ ನಿಜವಾಗ್ಲೂ 28 ಇದೆಯಾ ಅಂತ ಮೊದಲು ಅಳೀತೀನಿ, ಸೆಕೆಂಡ್ ಹ್ಯಾಂಡ್ ಬಿಲ್ಲಲ್ಲಿ ಹೇಳಿದ್ದೇ ಒಂದು ಇರೋದೇ ಒಂದು ಆಗಿರುತ್ತೆ. ಅದಾದ್ಮೇಲೆ ಇಬ್ಬರೂ ಹೋಗಿ ತರೋಣ. ಊಟಕ್ಕೆ ಇಲ್ಲೇ ಇರು, ಭಾವನಿಗೂ ಹೇಳಿದ್ದೀನಿ.